ಡಿಬಗರ್ ಹೇಳಿದ್ದನ್ನು ಪರೀಕ್ಷಿಸುವವರು

ಮೈಕ್ರೊಪ್ರೊಸೆಸರ್ ಲ್ಯಾಬ್ ಮುಗಿಸಿ ಬಂದ ಎಂಜಿನಿಯರುಗಳಿಗೆ 8085 ಕಿಟ್ ಮರೆತಿರಲಾರದು. ಬೋರ್ಡಿನ ಮೇಲೆ ಒಂದಿಷ್ಟು ಕೀಗಳು, ಹೊಳೆಯುವ ಆರು ಅಂಕಿಗಳ ಡಿಸ್‌ಪ್ಲೇ. ನಾಲ್ಕು ಅಂಕಿ ವಿಳಾಸಕ್ಕೆ, ಎರಡು ಡೇಟಾಕ್ಕೆ. ಪ್ರೋಗ್ರಾಂ ಓಡಿಸಿ ‘ಎಕ್ಸಾಮ್ ರೆಜ್’ ಒತ್ತಿ, ಬಳಿಕ ‘ಎ’ ಒತ್ತಿದರೆ ಅಕ್ಯುಮುಲೇಟರಿನ ಬೆಲೆ ಕಣ್ಣ ಮುಂದೆ. 1970ರ ದಶಕದ ಕೊನೆಯಲ್ಲಿ ಇಂಟೆಲ್ ತಂದ ಎಸ್‌ಡಿಕೆ-85 ಕಿಟ್ ಹಾಕಿಕೊಟ್ಟ ಕ್ರಮ ಇದು. ನಮ್ಮ ಕಾಲೇಜುಗಳಿಗೆ ಇಂಥ ಕಿಟ್‌ಗಳು ದೂರದಿಂದ ಬರಬೇಕಾಗಿರಲಿಲ್ಲ. ಪೀಣ್ಯ ಮೂರನೇ ಹಂತದ ಎಎಲ್‌ಎಸ್, ಸುಬ್ರಹ್ಮಣ್ಯನಗರದ ಇಎಸ್‌ಎ ಕಂಪನಿಗಳ ಬೋರ್ಡುಗಳ ಮೇಲೆ ಕೈಯಾಡಿಸಿ ಕಲಿತವರು ಇವತ್ತು ವೈಟ್‌ಫೀಲ್ಡ್‌ನಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಬೇಕಾದಷ್ಟು ಮಂದಿ ಸಿಗುತ್ತಾರೆ.

ವೈವಾದಲ್ಲಿ ಅಷ್ಟಾಗಿ ಯಾರೂ ಕೇಳದ ಒಂದು ಸಂಗತಿ ಆ ಕಿಟ್‌ನಲ್ಲಿತ್ತು. ಡಿಸ್‌ಪ್ಲೇ ತೋರಿಸುತ್ತಿದ್ದುದು ಪ್ರೊಸೆಸರ್ ಒಳಗಿನ ರಿಜಿಸ್ಟರನ್ನಲ್ಲ. ಪ್ರೋಗ್ರಾಂ ನಿಂತ ಕ್ಷಣದಲ್ಲಿ ಕಿಟ್‌ನ ಮಾನಿಟರ್ ಪ್ರೋಗ್ರಾಂ ಎಲ್ಲ ರಿಜಿಸ್ಟರುಗಳನ್ನೂ ರ್‍ಯಾಮ್‌ನಲ್ಲಿ ಗೊತ್ತುಪಡಿಸಿದ ಜಾಗಗಳಿಗೆ ನಕಲು ಮಾಡಿಡುತ್ತಿತ್ತು. ‘ಎಕ್ಸಾಮ್ ರೆಜ್’ ಓದುತ್ತಿದ್ದುದು ಆ ನಕಲನ್ನು.

ಇಂದಿನ ಡಿಬಗರ್‌ಗಳದ್ದೂ ಇದೇ ಕಥೆ, ನಡುವಿನ ಕೈಗಳು ಮಾತ್ರ ಹೆಚ್ಚಿವೆ. ಲಿನಕ್ಸ್‌ನಲ್ಲಿ ಜಿಡಿಬಿ ತೆರೆದು ‘ಇನ್ಫೋ ರಿಜಿಸ್ಟರ್ಸ್’ ಎಂದು ಟೈಪ್ ಮಾಡಿದರೆ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿ ಬರುವ ಮೊದಲು ಕರ್ನಲ್ ಪ್ರೋಗ್ರಾಂ ಅನ್ನು ನಿಲ್ಲಿಸಿ ರಿಜಿಸ್ಟರುಗಳನ್ನು ಮೆಮೊರಿಯಲ್ಲಿ ಉಳಿಸಿರುತ್ತದೆ. ಡಿಬಗರ್ ‘ಪಿಟ್ರೇಸ್’ ಮೂಲಕ ಆ ಬೈಟುಗಳನ್ನು ಕೇಳಿ ಪಡೆಯುತ್ತದೆ. ಯಾವ ಬೈಟಿನಿಂದ ಯಾವ ರಿಜಿಸ್ಟರ್ ಶುರು, ಅದರ ಅಗಲವೆಷ್ಟು, ಪೂರ್ಣಾಂಕವೋ ದಶಮಾಂಶವೋ ಎಂದು ಲೆಕ್ಕ ಹಾಕಿ ಕೊನೆಗೆ ಅಕ್ಷರಗಳಾಗಿ ಮುದ್ರಿಸುತ್ತದೆ. ಫ್ಲಾಗ್ ರಿಜಿಸ್ಟರಿನಲ್ಲಿ ಹೆಕ್ಸ್ 246 ಇದ್ದರೆ ಬರೀ ಅಂಕಿ ಕೊಟ್ಟು ಸುಮ್ಮನಾಗುವುದಿಲ್ಲ. ಪ್ಯಾರಿಟಿ, ಝೀರೊ, ಇಂಟರಪ್ಟ್ ಫ್ಲಾಗ್‌ಗಳು ಏರಿವೆ ಎಂದು ಅವುಗಳ ಹೆಸರನ್ನೂ ಬಿಡಿಸಿ ಕೊಡುತ್ತದೆ. ಇವುಗಳಲ್ಲಿ ಯಾವ ಹಂತ ಕೈಕೊಟ್ಟರೂ ತೆರೆಯ ಮೇಲೆ ಸುಳ್ಳು ಮೂಡುತ್ತದೆ. ಅಂಚೆ ಕಚೇರಿಯಲ್ಲಿ ಪಕ್ಕದ ಗೂಡಿನಿಂದ ಕಾಗದ ಎತ್ತಿಕೊಟ್ಟಂತೆ: ಕೈಗೆ ಬಂದದ್ದು ಕಾಗದವೇ, ವಿಳಾಸವೊಂದು ಬೇರೆ.

ಈ ತಪ್ಪು ಎರರ್ ಮೆಸೇಜ್ ಕೊಡುವುದಿಲ್ಲ, ಕ್ರ್ಯಾಶ್ ಕೂಡ ಆಗುವುದಿಲ್ಲ. ಬಗ್ ಹುಡುಕುತ್ತ ಕೂತವರು ತಮ್ಮ ಕೋಡನ್ನು ಅನುಮಾನಿಸುತ್ತಾರೆ, ಕಂಪೈಲರನ್ನು ಅನುಮಾನಿಸುತ್ತಾರೆ. ರಿಜಿಸ್ಟರ್ ಕಿಟಕಿಯನ್ನು ಅನುಮಾನಿಸುವ ಹೊತ್ತಿಗೆ ವಾರ ಕಳೆದಿರುತ್ತದೆ. ಉಳಿದೆಲ್ಲ ಸಾಕ್ಷಿಗಳನ್ನೂ ಒರೆಗೆ ಹಚ್ಚುವುದು ಈ ಕಿಟಕಿಯನ್ನು ನಂಬಿಯೇ. ಹಾಗಾಗಿ ಇದನ್ನು ಪರೀಕ್ಷಿಸುವ ಕೆಲಸ, ನನ್ನ ಪ್ರಕಾರ, ಸಾಫ್ಟ್‌ವೇರ್ ಲೋಕದ ಅತ್ಯಂತ ಜವಾಬ್ದಾರಿಯ ಕೆಲಸಗಳಲ್ಲೊಂದು.

ಪರೀಕ್ಷೆ ಹೇಗೆ ನಡೆಯುತ್ತದೆ?

ಕಣ್ಣಲ್ಲಿ ನೋಡಿ ಟಿಕ್ ಹಾಕುವ ಕಾಲ ಯಾವಾಗಲೋ ಹೋಯಿತು. 8085ರಲ್ಲಿ ರಿಜಿಸ್ಟರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಎವಿಎಕ್ಸ್-512 ಇರುವ ಇಂದಿನ ಪ್ರೊಸೆಸರಿನಲ್ಲಿ 512 ಬಿಟ್ ಅಗಲದ ವೆಕ್ಟರ್ ರಿಜಿಸ್ಟರುಗಳೇ 32. ಮಾಸ್ಕ್ ರಿಜಿಸ್ಟರುಗಳು ಇನ್ನೂ ಎಂಟು. ಒಂದೊಂದನ್ನೂ ಬೈಟಾಗಿ, ಪೂರ್ಣಾಂಕವಾಗಿ, ದಶಮಾಂಶವಾಗಿ ಹಲವು ಬಗೆಯಲ್ಲಿ ತೋರಿಸಬಹುದು. ಪ್ರತಿ ಬಿಲ್ಡ್‌ಗೂ ಇದನ್ನೆಲ್ಲ ನೋಡುವುದು ಯಂತ್ರಕ್ಕೆ ಮಾತ್ರ ಸಾಧ್ಯ.

ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿಡಿಬಿಯ ಟೆಸ್ಟ್ ಸೂಟ್ ಡೆಜಾಗ್ನು ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಅದು ಮನುಷ್ಯರಂತೆಯೇ ಡಿಬಗರ್‌ಗೆ ಆಜ್ಞೆ ಟೈಪ್ ಮಾಡುತ್ತದೆ, ಬಂದ ಉತ್ತರವನ್ನು ನಿರೀಕ್ಷಿತ ಮಾದರಿಯೊಂದಿಗೆ ಹೋಲಿಸಿ ‘ಪಾಸ್’, ‘ಫೇಲ್’ ಎಂದು ಬರೆಯುತ್ತದೆ. ಎಲ್‌ಎಲ್‌ವಿಎಂ ಬಳಗದ ಎಲ್‌ಎಲ್‌ಡಿಬಿಯಲ್ಲಿ ಪೈಥಾನ್ ಟೆಸ್ಟ್‌ಗಳಿವೆ. ಜೊತೆಗೆ, ಅಸೆಂಬ್ಲಿ ತುಣುಕಿನಿಂದ ರಿಜಿಸ್ಟರುಗಳನ್ನು ತುಂಬಿ ಅಲ್ಲೇ ನಿಲ್ಲುವ ಪುಟ್ಟ ಪ್ರೋಗ್ರಾಂಗಳೂ ಇವೆ.

ಆ ಪುಟ್ಟ ಪ್ರೋಗ್ರಾಂಗಳಲ್ಲಿ ಯಾವ ಬೆಲೆ ತುಂಬಬೇಕು ಎಂಬುದರಲ್ಲೇ ಜಾಣ್ಮೆ ಇರುವುದು. ಸೊನ್ನೆ ತುಂಬಿದರೆ ಏನೂ ಓದದ ಡಿಬಗರ್ ಕೂಡ ಪಾಸಾಗುತ್ತದೆ. ಎಲ್ಲ ರಿಜಿಸ್ಟರಿಗೂ ಒಂದೇ ಬೆಲೆ ಕೊಟ್ಟರೆ ಒಂದರ ಬದಲು ಇನ್ನೊಂದನ್ನು ಓದಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಒಂದಕ್ಕೆ ಹೆಕ್ಸ್ 0102030405060708, ಮುಂದಿನದಕ್ಕೆ 1112131415161718, ಹೀಗೆ ಒಂದೊಂದು ಬೈಟೂ ಬೇರೆ ಇರುವ ಬೆಲೆ ತುಂಬುತ್ತಾರೆ. ಬೈಟುಗಳು ತಿರುವುಮುರುವಾದರೂ, ಅರ್ಧ ಮಾತ್ರ ಬಂದರೂ, ಪಕ್ಕದ ರಿಜಿಸ್ಟರಿಗೆ ಜಾರಿದರೂ ಎಲ್ಲಿ ಎಡವಿದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಹೊಸಬರು ಬೀಳುವ ಗುಂಡಿ ಇನ್ನೊಂದಿದೆ. ಡಿಬಗರ್‌ನಿಂದಲೇ ರಿಜಿಸ್ಟರಿಗೆ 42 ಬರೆದು, ಡಿಬಗರ್‌ನಿಂದಲೇ ಓದಿ, 42 ಬಂತು ಎಂದು ಪಾಸ್ ಕೊಡುವುದು. ಡಿಬಗರ್ ತಪ್ಪು ಜಾಗಕ್ಕೆ ಬರೆದು ಅದೇ ತಪ್ಪು ಜಾಗದಿಂದ ಓದಿದರೂ ಉತ್ತರ 42. ಸರಿಯಾದ ಟೆಸ್ಟ್‌ನಲ್ಲಿ ಪ್ರೋಗ್ರಾಂ ಬರೆದದ್ದನ್ನು ಡಿಬಗರ್ ಓದುತ್ತದೆ, ಡಿಬಗರ್ ಬರೆದದ್ದನ್ನು ಪ್ರೋಗ್ರಾಂ ಓದಿ ಹೇಳುತ್ತದೆ.

832 ಮತ್ತು 1088

ಇಂಥ ತಪ್ಪು ನಿಜವಾಗಿ ಆದದ್ದಿದೆ. ಎಕ್ಸ್86 ಪ್ರೊಸೆಸರುಗಳು ದೊಡ್ಡ ರಿಜಿಸ್ಟರುಗಳನ್ನು ‘ಎಕ್ಸ್‌ಸೇವ್’ ಎಂಬ ಸೂಚನೆಯಿಂದ ಮೆಮೊರಿಗೆ ಇಳಿಸುತ್ತವೆ. ಯಾವುದು ಎಷ್ಟನೇ ಬೈಟಿನಲ್ಲಿ ಕೂರುತ್ತದೆ ಎಂಬುದನ್ನು ‘ಸಿಪಿಯುಐಡಿ’ ಸೂಚನೆ ಬಳಸಿ ಪ್ರೊಸೆಸರನ್ನೇ ಕೇಳಬೇಕು. ಆದರೆ ಜಿಡಿಬಿ ಬಹುಕಾಲ ಇಂಟೆಲ್‌ನ ಸ್ಥಾನಗಳನ್ನೇ ಕೋಡಿನಲ್ಲಿ ಬರೆದಿಟ್ಟುಕೊಂಡಿತ್ತು. ಆ ಪ್ರಕಾರ ಮಾಸ್ಕ್ ರಿಜಿಸ್ಟರುಗಳು 1088ನೇ ಬೈಟಿನಿಂದ ಶುರು. ಎಂಪಿಎಕ್ಸ್ ಎಂಬ ಸೌಲಭ್ಯಕ್ಕೆ ಇಂಟೆಲ್ 960ರಿಂದ ಜಾಗ ಬಿಟ್ಟಿತ್ತು. ಎಎಂಡಿ 2022ರಲ್ಲಿ ಝೆನ್ 4 ಪ್ರೊಸೆಸರುಗಳಲ್ಲಿ ಎವಿಎಕ್ಸ್-512 ತಂದಾಗ ಎಂಪಿಎಕ್ಸ್ ಅದರಲ್ಲಿರಲಿಲ್ಲ, ಆ ಜಾಗವನ್ನೂ ಬಿಡಲಿಲ್ಲ. ಅಲ್ಲಿ ಮಾಸ್ಕ್ ರಿಜಿಸ್ಟರುಗಳು ಶುರುವಾಗುವುದು 832ರಲ್ಲಿ. 1088ಕ್ಕೆ ಹೋಗಿ ನೋಡುವ ಡಿಬಗರ್‌ಗೆ ಸಿಗುವುದು ಬೇರೆ ಯಾವುದೋ ರಿಜಿಸ್ಟರಿನ ಚೂರು.

2023ರ ಡಿಸೆಂಬರಿನಲ್ಲಿ ಬಂದ ಜಿಡಿಬಿ 14 ಪ್ರೊಸೆಸರನ್ನೇ ಕೇಳಿ ಸ್ಥಾನ ತಿಳಿಯುವ ಕ್ರಮಕ್ಕೆ ಬಂತು. ಆದರೂ ಕ್ರ್ಯಾಶ್ ಆದ ಪ್ರೋಗ್ರಾಂ ಬಿಟ್ಟುಹೋಗುವ ಕೋರ್ ಫೈಲಿನ ಸಮಸ್ಯೆ ಉಳಿಯಿತು. ಹೈದರಾಬಾದಿನ ಸರ್ವರಿನಲ್ಲಿ ಬಿದ್ದ ಕೋರ್ ಫೈಲನ್ನು ವೈಟ್‌ಫೀಲ್ಡ್‌ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕೇಳಲು ಆ ಪ್ರೊಸೆಸರ್ ಎದುರಿಗಿಲ್ಲ. ಉಳಿಸಿದ ಭಾಗದ ಗಾತ್ರ 2696 ಬೈಟ್ ಇದ್ದರೆ ಇಂಟೆಲ್, 2440 ಇದ್ದರೆ ಎಎಂಡಿ ಎಂದು ಜಿಡಿಬಿ ಗಾತ್ರ ನೋಡಿ ಅಂದಾಜು ಮಾಡಬೇಕಾಯಿತು. ಸ್ಥಾನಗಳ ಪಟ್ಟಿಯನ್ನು ಕೋರ್ ಫೈಲಿನಲ್ಲೇ ಬರೆದಿಡುವ ತಿದ್ದುಪಡಿಯನ್ನು ಎಎಂಡಿ ಎಂಜಿನಿಯರುಗಳು ಲಿನಕ್ಸ್ ಕರ್ನಲ್‌ಗೆ ಸೇರಿಸಿದ್ದು 2024ರಲ್ಲಿ.

ಇದು ದೂರದ ದೇಶದ ಸುದ್ದಿಯಲ್ಲ. ಇಂಟೆಲ್‌ನ ಒಂದು ಪ್ರೊಸೆಸರಿಗೆ ‘ವೈಟ್‌ಫೀಲ್ಡ್’ ಎಂದೇ ಸಂಕೇತನಾಮವಿತ್ತು. ಬೆಂಗಳೂರಿನಲ್ಲಿ ವಿನ್ಯಾಸಗೊಳ್ಳುತ್ತಿದ್ದ ಆ ಚಿಪ್ 2005ರಲ್ಲಿ ರದ್ದಾಯಿತು. ಆದರೆ 2008ರ ಸೆಪ್ಟೆಂಬರಿನಲ್ಲಿ ಇದೇ ಊರಿನ ತಂಡದ ಆರು ಕೋರ್‌ಗಳ ‘ಡನಿಂಗ್ಟನ್’, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳೊಂದಿಗೆ ಮಾರುಕಟ್ಟೆಗೆ ಬಂತು. ಎಎಂಡಿ ಜಗತ್ತಿನಲ್ಲೇ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಹೊಸ ಚಿಪ್ ಎಂದರೆ ಹೊಸ ರಿಜಿಸ್ಟರು, ಹೊಸ ರಿಜಿಸ್ಟರೆಂದರೆ ಡಿಬಗರ್‌ಗೆ ಹೊಸ ಟೆಸ್ಟು.

ಹೀಗಿದ್ದೂ ಈ ಪಟ್ಟಣದ ಪಿಜಿಗಳಲ್ಲಿ ‘ಅವನನ್ನು ಟೆಸ್ಟಿಂಗ್‌ಗೆ ಹಾಕಿದ್ದಾರೆ’ ಎಂಬ ಮಾತು ಇವತ್ತಿಗೂ ಅನುಕಂಪದ ದನಿಯಲ್ಲೇ ಬರುತ್ತದೆ. ನನಗೆ ಇದು ಸರಿಯೆನಿಸುವುದಿಲ್ಲ. ರಿಜಿಸ್ಟರ್ ಟೆಸ್ಟ್ ಬರೆಯುವವರಿಗೆ ಪ್ರೊಸೆಸರ್ ಮ್ಯಾನ್ಯುಯಲ್ ಗೊತ್ತಿರಬೇಕು, ಕರ್ನಲ್ ಗೊತ್ತಿರಬೇಕು, ಅಸೆಂಬ್ಲಿ ಬರೆಯಲು ಬರಬೇಕು. ಡಿಬಗರ್ ಬರೆಯುವವರಿಗೆ ಬೇಕಾದಷ್ಟೇ ವಿದ್ಯೆ, ಅದರ ಮೇಲೆ ಒಂದಿಷ್ಟು ಅನುಮಾನದ ಬುದ್ಧಿ.

ಆ ಅನುಮಾನ ರಿಪೋರ್ಟಿನ ಮೇಲೂ ಇರಬೇಕು. ಲ್ಯಾಬಿನ ಯಂತ್ರದಲ್ಲಿ ಎವಿಎಕ್ಸ್-512 ಇಲ್ಲದಿದ್ದರೆ ಅದರ ಟೆಸ್ಟ್ ಫೇಲಾಗುವುದಿಲ್ಲ, ‘ಅನ್‌ಸಪೋರ್ಟೆಡ್’ ಎಂದು ಬರೆದು ಮುಂದೆ ಹೋಗುತ್ತದೆ. ಫೇಲ್ ಸೊನ್ನೆ, ಡ್ಯಾಶ್‌ಬೋರ್ಡ್ ಹಸಿರು. ಝೆನ್ 4 ಬರುವ ತನಕ ಯಾವ ಎಎಂಡಿ ಯಂತ್ರದ ಮೇಲೂ ಆ ಟೆಸ್ಟ್ ಓಡುವಂತಿರಲಿಲ್ಲ. ಓಡದ ಟೆಸ್ಟ್‌ಗಳ ಪಟ್ಟಿಯನ್ನೂ ಕೂತು ಓದುವ ತಂಡಕ್ಕೆ ಯಾವ ಬೋರ್ಡ್ ತರಿಸಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಕಾಲೇಜುಗಳು ಇಂಥ ಟೆಸ್ಟ್ ಬರೆಯುವುದನ್ನು ಕಲಿಸಲು ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದು. ಜಿಡಿಬಿಯ ಸೋರ್ಸ್ ಎಲ್ಲರಿಗೂ ತೆರೆದಿದೆ, ಎವಿಎಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಎವಿಎಕ್ಸ್‌ನ ವೈಎಂಎಂ ರಿಜಿಸ್ಟರುಗಳ ಮೇಲಿನ ಅರ್ಧ, ಎಕ್ಸ್‌ಸೇವ್ ಉಳಿಸಿದ ಭಾಗದ 576ನೇ ಬೈಟಿನಿಂದ, ಒಂದಕ್ಕೆ 16 ಬೈಟಿನಂತೆ ಸಾಲಾಗಿ ಕೂತಿರುತ್ತದೆ. ಸ್ಥಾನ ಲೆಕ್ಕ ಹಾಕುವ ಸಾಲಿಗೆ ಬೇಕೆಂದೇ 16 ಸೇರಿಸಿ ಬಿಲ್ಡ್ ಮಾಡಿ, ವಿದ್ಯಾರ್ಥಿಗಳು ಬರೆದ ಟೆಸ್ಟನ್ನು ಅದರ ಮೇಲೆ ಓಡಿಸಬೇಕು. ಸೊನ್ನೆಯನೇ ರಿಜಿಸ್ಟರಿನ ಜಾಗದಲ್ಲಿ ಈಗ ಒಂದನೇ ರಿಜಿಸ್ಟರಿನ ಅರ್ಧ ಕಾಣುತ್ತಿರುತ್ತದೆ. ಎಲ್ಲಕ್ಕೂ ಒಂದೇ ಬೆಲೆ ತುಂಬಿದ ಟೆಸ್ಟ್‌ಗಳಲ್ಲಿ ಕೊನೆಯ ರಿಜಿಸ್ಟರಿನವರೆಗೆ ಹೋಗಿ ನೋಡದವು ಪಾಸಾಗುತ್ತವೆ. ಅವನ್ನು ತಿದ್ದಿ, ಬೇರೆ ಬೇರೆ ಬೆಲೆ ಹಾಕಿ, ಮತ್ತೆ ಓಡಿಸಬೇಕು.