ಕಪ್ಪು ಹೊಳಪಿಗೆ ಒಣ ಬಟ್ಟೆಯೇ ಶತ್ರು

ಹೊಸ ಕಾರಿನ ಗೇರ್ ಸುತ್ತ, ಎಸಿ ಗುಂಡಿಗಳ ಅಂಚಿನಲ್ಲಿ, ಪವರ್ ವಿಂಡೊ ಸ್ವಿಚ್ಚುಗಳ ಪಕ್ಕ ಮಿರಮಿರ ಮಿಂಚುವ ಕಪ್ಪು ಪಟ್ಟಿಗೆ ಶೋರೂಮಿನವರು ‘ಪಿಯಾನೊ ಬ್ಲ್ಯಾಕ್’ ಎನ್ನುತ್ತಾರೆ. ಹೊಳಪು ಪಿಯಾನೊದ್ದು, ವಸ್ತು ಮಾತ್ರ ಪ್ಲಾಸ್ಟಿಕ್. ಕೆಲವೇ ತಿಂಗಳಲ್ಲಿ, ಬಿಸಿಲು ಬಿದ್ದಾಗ ಅದರ ಮೇಲೆ ಜೇಡರ ಬಲೆಯಂಥ ಗೀರುಗಳು ಕಾಣತೊಡಗುತ್ತವೆ. ಇವುಗಳಲ್ಲಿ ಬಹುಪಾಲು ಬಿದ್ದದ್ದು ನಾವು ಒರೆಸಿದ್ದರಿಂದ.

ದೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ 7, ಗಾಜಿಗೆ ಸುಮಾರು 5.5. ಪ್ಲಾಸ್ಟಿಕ್ ಎರಡಕ್ಕಿಂತಲೂ ಮೆದು. ಗ್ರಾನೈಟ್, ನೈಸ್ ಶಿಲೆಗಳು ಸವೆದು ಆದ ನಮ್ಮ ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ಈ ಹರಳು ಧಾರಾಳ. ಒಣ ಬಟ್ಟೆಗೆ ಸಿಕ್ಕಿದ ಹರಳು ಕೈ ಆಡಿದಲ್ಲೆಲ್ಲ ಪ್ಲಾಸ್ಟಿಕ್ಕನ್ನು ಕೊರೆಯುತ್ತದೆ. ಸಾಲದ್ದಕ್ಕೆ, ತಿಕ್ಕಿದಾಗ ಹುಟ್ಟುವ ಸ್ಥಾಯೀವಿದ್ಯುತ್ತು ಗಾಳಿಯಲ್ಲಿನ ದೂಳನ್ನು ಮತ್ತೆ ಅಲ್ಲಿಗೇ ಎಳೆಯುತ್ತದೆ.

ತರಿತರಿಯಾದ ಬೂದು ಡ್ಯಾಶ್‌ಬೋರ್ಡಿಗೂ ಗೀರು ಬೀಳುತ್ತದೆ. ಆದರೆ ಅದು ಮೊದಲೇ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಗೀರು ಅದರೊಳಗೆ ಮರೆಯಾಗುತ್ತದೆ. ನುಣುಪಾದ ಕಪ್ಪು ಮೈ, ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಒಂದೇ ದಿಕ್ಕಿಗೆ ಹಿಂದಿರುಗಿಸಿ ಉಳಿದದ್ದನ್ನು ನುಂಗಿಬಿಡುತ್ತದೆ. ಆ ಕಪ್ಪಿನಲ್ಲಿ ಗೀರಿನ ಅಂಚು ಚದುರಿಸಿದ ಚೂರು ಬೆಳಕೂ ಬಿಳಿ ಎಳೆಯಾಗಿ ಎದ್ದು ಕಾಣುತ್ತದೆ. ಗೀರು ಎಲ್ಲ ದಿಕ್ಕಿಗೂ ಬಿದ್ದಿದ್ದರೂ, ದೀಪದ ಪ್ರತಿಬಿಂಬಕ್ಕೆ ಅಡ್ಡಲಾಗಿರುವವಷ್ಟೇ ನಮ್ಮ ಕಣ್ಣಿಗೆ ಬೆಳಕು ಕಳಿಸುತ್ತವೆ. ಅದಕ್ಕೇ ಅವು ಪ್ರತಿಬಿಂಬದ ಸುತ್ತ ಬಳೆಬಳೆಯಾಗಿ ತೋರುವುದು.

ಹಾಗಾದರೆ ಒರೆಸುವುದು ಹೇಗೆ? ಮೊದಲು ದೂಳನ್ನು ತಿಕ್ಕದೆ ತೆಗೆಯಬೇಕು. ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬಲ್ಬು ಅಥವಾ ಮೆತ್ತನೆಯ ಬ್ರಷ್ ಸಾಕು. ಆಮೇಲೆ ತೇವ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ, ಒತ್ತದೆ, ಒಂದೇ ದಿಕ್ಕಿಗೆ ಎಳೆಯಬೇಕು. ಪ್ರತಿ ಸಲವೂ ಬಟ್ಟೆಯ ಮಡಿಕೆ ಬದಲಿಸಬೇಕು. 9 ಕಿಲೋಮೀಟರ್ ಉದ್ದವಿದ್ದರೂ 1 ಗ್ರಾಂ ತೂಗದಷ್ಟು ತೆಳುವಾದ ಈ ಬಟ್ಟೆಯ ಎಳೆಗಳು ಕೊಳೆಯನ್ನು ತಮ್ಮ ಸಂದಿಗೆ ಎತ್ತಿಕೊಳ್ಳುತ್ತವೆ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳಿಗೆ ಅದರ ಲೇಪ ಕೂತು ಆ ಗುಣ ಕುಗ್ಗುತ್ತದೆ.

ಬೆರಳಿನ ಜಿಡ್ಡಿಗೆ ನೀರಿನಲ್ಲಿ ಒಂದೆರಡು ಹನಿ ಶಾಂಪೂ ಸಾಕು. ಬೋರ್‌ವೆಲ್ ನೀರು ಆರಿದರೆ ಲವಣಗಳ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ವಾಸಿ. ನೀರನ್ನು ಬಟ್ಟೆಗೆ ಸಿಂಪಡಿಸಿ, ಸ್ವಿಚ್ಚಿಗಲ್ಲ. ಅಮೋನಿಯಾ, ಆಲ್ಕೊಹಾಲ್ ಇರುವ ಗಾಜಿನ ಕ್ಲೀನರ್ ಬೇಡ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕುಗಳಲ್ಲಿ ಅದರಿಂದ ಕೂದಲೆಳೆಯಂಥ ಬಿರುಕು ಮೂಡಬಹುದು.

ಆಗಲೇ ಬಿದ್ದ ಗೀರಿಗೆ ಪಾಲಿಶ್ ಉಂಟು. ಆದರೆ ಅದು ಗೀರನ್ನು ತುಂಬುವುದಕ್ಕಿಂತ ಹೆಚ್ಚಾಗಿ ಸುತ್ತಲಿನ ಮೈಯನ್ನು ಗೀರಿನ ಆಳಕ್ಕೆ ಹೆರೆಯುತ್ತದೆ. ಮೇಲಿನ ಪದರ ತೆಳುವಾದ್ದರಿಂದ ಪದೇ ಪದೇ ಹೆರೆಯುವಂತಿಲ್ಲ. ಕಾರು ಹೊಸದಿದ್ದಾಗಲೇ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್ ಅಂಟಿಸಿಬಿಡುವುದು ಲೇಸು: ಗೀರು ಬಿದ್ದರೂ ಫಿಲ್ಮಿಗೆ ಬೀಳುತ್ತದೆ, ಕಿತ್ತು ಹೊಸದನ್ನು ಹಾಕಬಹುದು.