ಇದು ಬಿಸಿಲಿನ ನೀರಡಿಕೆಯಲ್ಲ

ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಗು ಪದೇ ಪದೇ ನೀರು ಕೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ಸಿರುಗುಪ್ಪ, ಕುರುಗೋಡಿನಲ್ಲಿ ನೀರಡಿಕೆ ದಿನನಿತ್ಯದ ಮಾತು. “ಬಿಸ್ಲಿಗೆ ಹಂಗಾಗೈತಿ ಬಿಡಮ್ಮ” ಎಂದು ಅಕ್ಕಪಕ್ಕದವರು ಸಮಾಧಾನ ಹೇಳುತ್ತಾರೆ. ಮಕ್ಕಳ ಸಕ್ಕರೆ ಕಾಯಿಲೆ ಆ ಸಮಾಧಾನದ ಮರೆಯಲ್ಲೇ ಬಲಿತುಬಿಡುತ್ತದೆ.

ಎರಡು ನೀರಡಿಕೆಗಳ ವ್ಯತ್ಯಾಸ ತಿಳಿಯಲು ಬಚ್ಚಲ ಕಡೆ ನೋಡಿದರೆ ಸಾಕು. ಬಿಸಿಲಿಗೆ ಬಳಲಿದ ಮಗು ಕುಡಿದ ನೀರು ಬೆವರಾಗಿ ಹೋಗುತ್ತದೆ. ಹಾಗಾಗಿ ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ. ಸಕ್ಕರೆ ಕಾಯಿಲೆಯ ಮಗುವಿಗೆ ಚೊಂಬುಗಟ್ಟಲೆ ಕುಡಿದರೂ ದಾಹ ತೀರದು, ಮೂತ್ರವೂ ನಿಲ್ಲದು. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟ ಮಗು ಮತ್ತೆ ಒದ್ದೆ ಮಾಡುತ್ತದೆ. ಮೂತ್ರ ಬಿದ್ದಲ್ಲಿ ಇರುವೆ ಮುತ್ತುತ್ತವೆ. ಚೆನ್ನಾಗಿ ಉಂಡರೂ ಅಂಗಿ ಸಡಿಲವಾಗುತ್ತದೆ.

ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ಪೂರ್ತಿ ಹಿಡಿದಿಡಲಾರವು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಅತ್ತ ಇನ್ಸುಲಿನ್ ಇಲ್ಲದೆ ಜೀವಕೋಶಗಳಿಗೆ ಸಕ್ಕರೆ ದಕ್ಕದು. ಕಣಜ ತುಂಬಿದ್ದರೂ ಬೀಗದ ಕೈ ಕಳೆದುಹೋದ ಮನೆಯ ಸ್ಥಿತಿ ಅದು. ಹಸಿದ ದೇಹ ಕೊಬ್ಬನ್ನು ಸುಡತೊಡಗುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. ಸಾಮಾನ್ಯವಾಗಿ 7.35ರಿಂದ 7.45ರೊಳಗೆ ಇರಬೇಕಾದ ರಕ್ತದ ಪಿಎಚ್ 7.3ಕ್ಕಿಂತ ಕೆಳಗಿಳಿಯುತ್ತದೆ. ಇದೇ ಡಯಾಬೆಟಿಕ್ ಕೀಟೊಆಸಿಡೋಸಿಸ್.

ಆಮ್ಲವನ್ನು ಹೊರಹಾಕಲು ಮಗು ಆಳವಾಗಿ, ರಭಸದಿಂದ ಉಸಿರಾಡುತ್ತದೆ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ 1874ರಲ್ಲೇ ಈ ಉಸಿರಾಟವನ್ನು ವಿವರಿಸಿದ್ದರು. ಉಸಿರಿಗೆ ಕಳಿತ ಹಣ್ಣಿನ ವಾಸನೆ ಇರುತ್ತದೆ. ವಾಂತಿ, ಹೊಟ್ಟೆನೋವು, ಮಂಪರು ಬರುತ್ತವೆ. ಇದು ನ್ಯುಮೋನಿಯಾ, ಅಪೆಂಡಿಸೈಟಿಸ್ ಅಥವಾ ವಾಂತಿಭೇದಿಯಂತೆ ತೋರುವುದೇ ದೊಡ್ಡ ಅಪಾಯ. ಸುಸ್ತಾದ ಮಗುವಿಗೆ ಗ್ಲೂಕೋಸ್ ಬಾಟಲಿ ಹಾಕಿಸುವ ರೂಢಿ ನಮ್ಮಲ್ಲಿದೆ. ಬಾಟಲಿ ಏರಿಸುವ ಮುನ್ನ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿಸಿ.

ಇನ್ಸುಲಿನ್ ಕಾಣೆಯಾದದ್ದೇಕೆ? ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ ತಿರುಗಿಬೀಳುತ್ತದೆ. ಕೊಲ್ಲುವ ಕೆಲಸ ಮುಖ್ಯವಾಗಿ ಟಿ ಕೋಶಗಳದ್ದು. ಆ ಕಾಳಗದ ಸುಳಿವು ರಕ್ತದಲ್ಲಿ ಸ್ವಪ್ರತಿಕಾಯಗಳಾಗಿ ಸಿಗುತ್ತದೆ. ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್-8 ಮತ್ತು ಇನ್ಸುಲಿನ್‌ಗೆ ವಿರುದ್ಧವಾದವು ಇವುಗಳಲ್ಲಿ ಮುಖ್ಯ.

ಈ ಅರಿವಿನಲ್ಲಿ ಕನ್ನಡನಾಡಿನ ಪಾಲೂ ಇದೆ. ಮುಂದೆ ಬೆಂಗಳೂರಿನ ಸಮತ್ವಂ ಸಂಸ್ಥೆಯ ಮೂಲಕ ಸೇವೆ ಸಲ್ಲಿಸಿದ ಡಾ. ಎಸ್. ಶ್ರೀಕಾಂತ ಅವರು ಅಮೆರಿಕದ ಜೋಸ್ಲಿನ್ ಕೇಂದ್ರದಲ್ಲಿದ್ದಾಗ, ಸಂಗಡಿಗರೊಂದಿಗೆ ಏಕರೂಪಿ ತ್ರಿವಳಿ ಮತ್ತು ಅವಳಿಗಳ ಅಧ್ಯಯನವನ್ನು 1983ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿಯೇ ಕಾಣುತ್ತಿದ್ದ ಒಡಹುಟ್ಟಿದವರ ರಕ್ತದಲ್ಲಿ, ಸಕ್ಕರೆ ಏರುವ ವರ್ಷಗಳ ಮುಂಚೆಯೇ ಪ್ರತಿಕಾಯಗಳಿದ್ದವು. ಇನ್ಸುಲಿನ್ ಮೆಲ್ಲಗೆ ಕುಗ್ಗುತ್ತಿತ್ತು. ಹಠಾತ್ತನೆ ಬಂತೆಂದುಕೊಂಡ ಕಾಯಿಲೆ ಬಹುಕಾಲ ಒಳಗೊಳಗೇ ನಡೆದಿತ್ತು.

“ಮಿಠಾಯಿ ಕೊಡಿಸಿದ್ದೇ ತಪ್ಪಾಯಿತೇನೋ” ಎಂದು ಕೊರಗುವ ತಾಯಿಗೆ ಈ ವಿಜ್ಞಾನವೇ ಉತ್ತರ: ಅಮ್ಮಾ, ತಪ್ಪು ನಿಮ್ಮದಲ್ಲ. ಪರೀಕ್ಷೆಯಲ್ಲಿ ಪ್ರತಿಕಾಯ ಸಿಗದ ಮಕ್ಕಳೂ ಇದ್ದಾರೆ. ಅವರಲ್ಲಿ ಬೇರೆ ಬಗೆಯ ಸಕ್ಕರೆ ಕಾಯಿಲೆ ಇದೆಯೇ ಎಂದು ವೈದ್ಯರು ಹುಡುಕುತ್ತಾರೆ. ವರದಿ ಹೇಗೇ ಬರಲಿ, ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬಾರದು.

ಕೀಟೊಆಸಿಡೋಸಿಸ್‌ಗೆ ಮನೆಮದ್ದಿಲ್ಲ. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ಎಲ್ಲವನ್ನೂ ಗಂಟೆಗಂಟೆಗೂ ಅಳೆದು ಕೊಡಬೇಕು. ಎಡವಟ್ಟಾದರೆ ಮಿದುಳು ಊದಿಕೊಳ್ಳಬಹುದು. ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಮಗು ಮಂಪರಿಗೆ ಜಾರುವ ಮುನ್ನವೇ ಆ ದಾರಿ ಹಿಡಿಯಬೇಕು.

ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1991ರಿಂದ ಶಾಲೆಗಳಲ್ಲಿ ಒಂದು ಭಿತ್ತಿಚಿತ್ರ ಹಚ್ಚಿದರು. ಮತ್ತೆ ಹಾಸಿಗೆ ಒದ್ದೆ ಮಾಡುವ, ಅತಿಯಾಗಿ ನೀರು ಕುಡಿಯುವ ಮಗುವನ್ನು ಗಮನಿಸಿ ಎಂಬುದೇ ಅದರ ಸಂದೇಶ. ಮಕ್ಕಳ ವೈದ್ಯರಿಗೆ ಗ್ಲೂಕೋಮೀಟರ್ ಕೊಟ್ಟರು. ಕಾಯಿಲೆ ಪತ್ತೆಯಾಗುವಾಗಲೇ ಕೀಟೊಆಸಿಡೋಸಿಸ್‌ಗೆ ತುತ್ತಾಗಿರುತ್ತಿದ್ದ ಮಕ್ಕಳ ಪ್ರಮಾಣ ಶೇ. 78ರಿಂದ 12.5ಕ್ಕೆ ಇಳಿಯಿತು.

ಅಂಥದೊಂದು ಚಿತ್ರ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡಿನ ಅಂಗನವಾಡಿ ಗೋಡೆಗಳ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ನೀರಡಿಕೆಯ ಜೊತೆಗೆ ಮೂತ್ರವೂ ಹೆಚ್ಚಿದ ಮಗುವನ್ನು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅದರಲ್ಲಿ ಬರೆದಿರಲಿ.