ಬಂಡೆಯ ಸಂದಿನಲ್ಲೊಂದು ಟಪಾಲು ಪೆಟ್ಟಿಗೆ

ಅಂಗಡಿ ನಡೆಸುವ ನಮ್ಮ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದೆಂದರೆ ಒಂದು ಮದುವೆ, ಇಲ್ಲವೇ ಪಂಚಕಲ್ಯಾಣ ಮಹೋತ್ಸವ, ಇಲ್ಲವೇ ಕ್ಷೇತ್ರಯಾತ್ರೆ. ಉಳಿದ ದಿನಗಳಲ್ಲಿ ತಂದೆ ಗಲ್ಲಾದ ಮೇಲೆ, ತಾಯಿ ಅಡಿಗೆಮನೆಯಲ್ಲಿ, ಮಕ್ಕಳು ಶಾಲೆ, ಟ್ಯೂಶನ್ ಮತ್ತು ಮೊಬೈಲಿನಲ್ಲಿ. ಸಂತೆಯಿಲ್ಲದ ದಿನ ಅಂಗಡಿಗೆ ರಜೆ ಕೊಟ್ಟರೂ ಬಾಕಿ ಬರೆಯುವುದರಲ್ಲಿ ಅದು ಮುಗಿಯುತ್ತದೆ. ತಂದೆ-ಮಕ್ಕಳು ಕೊನೆಯ ಸಲ ಒಂದು ಗಂಟೆ ಜತೆಯಾಗಿ ನಡೆದದ್ದು ಯಾವಾಗ ಎಂದು ಕೇಳಿದರೆ ಹಲವು ಮನೆಗಳಲ್ಲಿ ಉತ್ತರ ಬೇಗ ಬರಲಾರದು.

ಹೆಚ್ಚು ಖರ್ಚಿಲ್ಲದೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರನ್ನೂ ಬಯಲಿಗೆ ಕರೆತರುವ ಒಂದು ಹವ್ಯಾಸವನ್ನು ವಾಚಕ ಬಂಧುಗಳಿಗೆ ಪರಿಚಯಿಸಬೇಕೆಂದು ನಮ್ಮ ಆಸೆ. ಅದರ ಹೆಸರು ‘ಲೆಟರ್‌ಬಾಕ್ಸಿಂಗ್’. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಗುದ್ದಾಟದ ಬಾಕ್ಸಿಂಗಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇದು ಬಯಲಿನಲ್ಲಿ ಬಚ್ಚಿಟ್ಟ ಟಪಾಲು ಪೆಟ್ಟಿಗೆಗಳನ್ನು ಹುಡುಕುವ ಆಟ.

ಒಂದು ಬಾಟಲಿಯಿಂದ ಆರಂಭ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಬಯಲಿದೆ. ಗ್ರಾನೈಟ್ ಬಂಡೆಗಳ ಗುಡ್ಡ, ಜೌಗು ನೆಲ, ಕುರಿಗಳು, ಹೇಳದೆ ಕೇಳದೆ ಕವಿಯುವ ಮಂಜು. 1951ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 954 ಚದರ ಕಿಲೋಮೀಟರು. ಅಲ್ಲಿ ಚಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಎಂಬಾತ ಪ್ರವಾಸಿಗಳಿಗೆ ದಾರಿ ತೋರಿಸಿ ಜೀವನ ಸಾಗಿಸುತ್ತಿದ್ದ. 1854ರಲ್ಲಿ ಆತ ಬಯಲಿನ ನಡುವಿನ ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಸ್ಥಳದಲ್ಲಿ ಒಂದು ಗಾಜಿನ ಬಾಟಲಿಯನ್ನು ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರಲ್ಲಿ ಹಾಕಿ ಹೋಗಲಿ ಎಂಬುದು ಅವನ ಉದ್ದೇಶ. ಅದೇ 1854ರ ಅಕ್ಟೋಬರದಲ್ಲಿ ನಮ್ಮ ದೇಶದಲ್ಲಿಯೂ ಎಲ್ಲ ಕಡೆಗೂ ನಡೆಯುವ ಅರ್ಧ ಆಣೆಯ ಅಂಚೆ ಚೀಟಿ ಜಾರಿಗೆ ಬಂತೆಂಬುದು ಸ್ವಾರಸ್ಯದ ಸಂಗತಿ.

ಬರಬರುತ್ತ ಜನರು ಕಾರ್ಡಿನ ಬದಲು ತಮ್ಮದೇ ವಿಳಾಸ ಬರೆದು ಟಿಕೇಟು ಹಚ್ಚಿದ ಪೋಸ್ಟ್ ಕಾರ್ಡನ್ನು ಅಲ್ಲಿ ಇಡತೊಡಗಿದರು. ಮುಂದೆ ಬಂದವನು ಅದನ್ನು ತೆಗೆದುಕೊಂಡು ಹೋಗಿ ತನ್ನೂರಿನ ಟಪಾಲು ಪೆಟ್ಟಿಗೆಗೆ ಹಾಕುತ್ತಿದ್ದ. ಕಾರ್ಡು ಯಾವಾಗ, ಯಾವ ಊರಿನ ಮುದ್ರೆ ಹೊತ್ತು ಮನೆಗೆ ಬರುವುದೋ ಎಂದು ಕಾಯುವುದೇ ಒಂದು ಸಂತೋಷ. ‘ಲೆಟರ್‌ಬಾಕ್ಸ್’ ಎಂಬ ಹೆಸರು ಬಂದದ್ದು ಹೀಗೆ. 1894ರಲ್ಲಿ ಬೆಲ್‌ಸ್ಟೋನ್ ಟಾರ್ ಎಂಬ ಗುಡ್ಡದಲ್ಲಿ ಎರಡನೆಯ ಪೆಟ್ಟಿಗೆ ಬಂತು. ಡಾರ್ಟ್‌ಮೂರಿನ ಮೇಲೆ ಪುಸ್ತಕಗಳನ್ನು ಬರೆದ ವಿಲಿಯಂ ಕ್ರಾಸಿಂಗ್ ಅವರ ಸ್ಮರಣಾರ್ಥ 1938ರಲ್ಲಿ ಡಕ್ಸ್ ಪೂಲ್ ಎಂಬಲ್ಲಿ ಮತ್ತೊಂದು. 1970ರ ದಶಕದಲ್ಲಿಯೂ ಬೆರಳಲ್ಲಿ ಎಣಿಸುವಷ್ಟೇ ಇದ್ದ ಪೆಟ್ಟಿಗೆಗಳು ಆಮೇಲೆ ಸಾವಿರ ಸಾವಿರವಾದವು. ಕನಿಷ್ಠ 100 ಪೆಟ್ಟಿಗೆ ಕಂಡುಹಿಡಿದವರದೇ ಒಂದು ಸಂಘವೂ ಹುಟ್ಟಿತು. 1998ರಲ್ಲಿ ಅಮೇರಿಕೆಯ ‘ಸ್ಮಿತ್ಸೋನಿಯನ್’ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಅಲ್ಲಿಯೂ ಈ ಹವ್ಯಾಸ ಹರಡಿತು.

ಸಿಕ್ಕಾ, ಶಾಯಿ, ವಹಿ

ಈಗಿನ ಪೆಟ್ಟಿಗೆ ಎಂದರೆ ನೀರು ಹೋಗದ ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ರಬ್ಬರ್ ಸಿಕ್ಕಾ ಮತ್ತು ಒಂದು ಚಿಕ್ಕ ವಹಿ. ಹುಡುಕಲು ಹೊರಟವರ ಚೀಲದಲ್ಲಿಯೂ ಅವರ ಸ್ವಂತ ಸಿಕ್ಕಾ, ಶಾಯಿಯ ಪ್ಯಾಡು ಮತ್ತು ವಹಿ ಇರುತ್ತವೆ. ಪೆಟ್ಟಿಗೆ ಸಿಕ್ಕಿದಾಗ ಅದರ ಸಿಕ್ಕಾವನ್ನು ತಮ್ಮ ವಹಿಯಲ್ಲಿ, ತಮ್ಮ ಸಿಕ್ಕಾವನ್ನು ಅದರ ವಹಿಯಲ್ಲಿ ಒತ್ತಿ, ತಾರೀಖು ಬರೆದು, ಮೊದಲಿದ್ದಲ್ಲಿಯೇ ಮುಚ್ಚಿಡಬೇಕು. ನಮಗೆ ಇದು ಕೂಡಲೇ ತಿಳಿಯುವ ಲೆಕ್ಕ. ಅವರ ಖಾತೆಯಲ್ಲಿ ನಮ್ಮ ಹೆಸರು, ನಮ್ಮ ಖಾತೆಯಲ್ಲಿ ಅವರ ಹೆಸರು, ಜಮಾ-ಖರ್ಚು ಸರಿಸಮ.

ಪೆಟ್ಟಿಗೆ ಎಲ್ಲಿದೆ ಎಂಬುದಕ್ಕೆ ಸುಳಿವು ಕೊಟ್ಟಿರುತ್ತಾರೆ. ಅನೇಕ ಸಲ ಅದು ದಿಕ್ಸೂಚಿಯ ಡಿಗ್ರಿಗಳಲ್ಲಿರುತ್ತದೆ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ‘ಹುಣಸೆಮರ 90, ಬಾವಿ 180’ ಎಂದು ಸುಳಿವಿದ್ದರೆ, ಪೆಟ್ಟಿಗೆಯ ಬಳಿ ನಿಂತವನಿಗೆ ಮರ ನೇರ ಪೂರ್ವಕ್ಕೂ ಬಾವಿ ನೇರ ದಕ್ಷಿಣಕ್ಕೂ ಕಾಣಬೇಕು ಎಂದರ್ಥ. ಅಂದರೆ ಮರದ ಪಶ್ಚಿಮಕ್ಕೆ, ಬಾವಿಯ ಉತ್ತರಕ್ಕೆ, ಎರಡು ಗೆರೆ ಕೂಡುವಲ್ಲಿ ಹುಡುಕಬೇಕು. ಭೂಮಿತಿಯ ಪುಸ್ತಕ ಕಂಡರೆ ಆಕಳಿಸುವ ಹುಡುಗನೂ ಇಲ್ಲಿ ಓಡೋಡಿ ಗೆರೆ ಹಿಡಿಯುತ್ತಾನೆ. 2000ದ ಮೇ ತಿಂಗಳಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ‘ಜಿಯೋಕ್ಯಾಶಿಂಗ್’ ಎಂಬ ತಮ್ಮನಾಟದಲ್ಲಿ ಉಪಗ್ರಹವೇ ಜಾಗ ತೋರಿಸುತ್ತದೆ. ಮಕ್ಕಳ ಬುದ್ಧಿ ಬೆಳೆಯಲು ಅಣ್ಣನಾಟವೇ ಮೇಲೆಂದು ನಮ್ಮ ಅಭಿಪ್ರಾಯ.

ಬೀಗವಿಲ್ಲದ ಪೆಟ್ಟಿಗೆ

ಈ ಹವ್ಯಾಸದಲ್ಲಿ ನಮ್ಮ ಮನಸ್ಸಿಗೆ ಹಿಡಿದ ಸಂಗತಿ ಬೇರೆಯೇ ಇದೆ. ಪೆಟ್ಟಿಗೆಗೆ ಬೀಗವಿಲ್ಲ, ಕಾವಲುಗಾರನಿಲ್ಲ. ಕಾರ್ಡನ್ನು ಹರಿದೆಸೆದರೆ, ಸಿಕ್ಕಾವನ್ನು ಕಿಸೆಗೆ ಹಾಕಿಕೊಂಡರೆ ಕೇಳುವವರಿಲ್ಲ. ಆದರೂ ಒಂದೂವರೆ ಶತಮಾನಕ್ಕೂ ಮೀರಿ ಈ ಪದ್ಧತಿ ನಡೆದು ಬಂದಿದೆ. ಹಿಂದೆ ಬಂದವನು ಮುಂದೆ ಬರುವವನ ಮುಖ ನೋಡಿಲ್ಲ, ಆದರೂ ಅವನನ್ನು ನಂಬಿ ಇಟ್ಟು ಹೋಗಿದ್ದಾನೆ.

ಉದ್ರಿ ವ್ಯಾಪಾರ ಮಾಡಿದ ಮನೆತನಗಳಿಗೆ ನಂಬಿಕೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ಆದರೆ ಇಂದಿನ ಮಕ್ಕಳಿಗೆ ನಾವು ಹೇಳಿಕೊಡುವುದು ಬಹುತೇಕ ಸಂಶಯವನ್ನೇ. ನೋಟು ಬೆಳಕಿಗೆ ಹಿಡಿದು ನೋಡು, ತೂಕ ಎರಡು ಸಲ ನೋಡು, ಗೊತ್ತಿಲ್ಲದ ಫೋನಿಗೆ ಉತ್ತರ ಕೊಡಬೇಡ ಎನ್ನುತ್ತೇವೆ. ಇದೆಲ್ಲ ಬೇಕು, ತಪ್ಪಲ್ಲ. ಆದರೆ ಯಾರೂ ನೋಡದಾಗಲೂ ಪರರ ವಸ್ತುವನ್ನು ಇದ್ದಲ್ಲಿಯೇ ಇಡುವ ಅಭ್ಯಾಸ ಎಲ್ಲಿ ಆಗಬೇಕು? ಅಚೌರ್ಯದ ಪಾಠ ಪಾಠಶಾಲೆಯಲ್ಲಿ ಬಾಯಿಪಾಠವಾಗುತ್ತದೆ. ಬಯಲಿನಲ್ಲಿ ಒಂದು ಡಬ್ಬಿ ತೆರೆದು, ಒಳಗಿನದೇನನ್ನೂ ಒಯ್ಯದೆ ಮುಚ್ಚಿಟ್ಟು ಬಂದ ಮಗುವಿಗೆ ಅದು ಕೈಗೆ ಬಂದ ಪಾಠವಾಗುತ್ತದೆ.

ಅತಿಯಾದರೆ ಕೇಡು

ಡಾರ್ಟ್‌ಮೂರಿನಲ್ಲಿ ಪೆಟ್ಟಿಗೆಗಳು ವಿಪರೀತವಾದಾಗ ನೆಲದ ಒಡೆಯರಿಗೂ ಉದ್ಯಾನದವರಿಗೂ ಚಿಂತೆಯಾಯಿತು. ಹುಡುಕುವ ಭರದಲ್ಲಿ ಕಲ್ಲು ಕಿತ್ತರೆ, ಹುಲ್ಲು ಅಗೆದರೆ ಹಾನಿ ಯಾರಿಗೆ? ಆದ್ದರಿಂದ ಹವ್ಯಾಸಿಗಳಿಗೆ ನಿಯಮಗಳಾದವು: ಪ್ರಾಚೀನ ಶಿಲಾ ಸ್ಮಾರಕಗಳಲ್ಲಿ, ಗೋಡೆಗಳಲ್ಲಿ ಪೆಟ್ಟಿಗೆ ಇಡಬಾರದು, ನೆಲ ಅಗೆಯಬಾರದು, ಸಿಮೆಂಟು ಬಳಸಬಾರದು, ಅಪಾಯದ ಜಾಗ ಬೇಡ. ಬಯಲಿನ ಒಂದು ಭಾಗದಲ್ಲಿ ಸೈನ್ಯದ ಗುಂಡಿನ ಅಭ್ಯಾಸವೂ ನಡೆಯುತ್ತದೆ. ಕೆಂಪು ಬಾವುಟ ಹಾರಿದ ದಿನ ಆ ಕಡೆ ಕಾಲಿಡುವಂತಿಲ್ಲ.

ನಮ್ಮಲ್ಲಿ ಮಾಡುವುದಾದರೆ

ಜತ್ತ, ಅಕ್ಕಲಕೋಟದ ಕಡೆಯಿರಲಿ, ಹೊಸೂರು, ಮಡಕಶಿರಾದ ಕಡೆಯಿರಲಿ, ನಮ್ಮ ಅನೇಕ ಬಂಧುಗಳಿಗೆ ಊರ ಹೊರಗೆ ಹೊಲ, ತೋಟಗಳಿವೆ. ಆಟ ಅಲ್ಲಿಯೇ ಆಗಲಿ. ಅರಣ್ಯ ಇಲಾಖೆಯ ನೆಲ, ಹಳೆಯ ಕೋಟೆ, ಬಸದಿ, ಬಸ್ ನಿಲ್ದಾಣಗಳಲ್ಲಿ ಡಬ್ಬಿ ಬಚ್ಚಿಡುವುದು ಬೇಡವೇ ಬೇಡ. ಗುರುತಿಲ್ಲದ ಡಬ್ಬಿ ಕಂಡರೆ ಜನ ಹೆದರಿ ಪೋಲೀಸರನ್ನು ಕರೆಯುವ ಕಾಲ ಇದು.

ಡಬ್ಬಿಯ ಮೇಲೆ ‘ಇದು ಮಕ್ಕಳ ಆಟದ ಪೆಟ್ಟಿಗೆ’ ಎಂದು ಬರೆಯಿರಿ. ಸಿಕ್ಕಾವನ್ನು ಅಂಗಡಿಯಲ್ಲಿ ಮಾಡಿಸಬೇಕೆಂದಿಲ್ಲ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿನಲ್ಲಿ ಹಿರಿಯರೇ ಒಂದು ಎಲೆ, ಒಂದು ಹಕ್ಕಿ ಕೆತ್ತಿಕೊಡಬಹುದು. ಅಕ್ಷರ ಕೆತ್ತುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ಕಲ್ಲಿನ ಸಂದಿಗೆ ಬರಿಗೈ ಹಾಕಬಾರದು. ಚೇಳು-ಹಾವಿನ ಭಯ ನಮಗೆ, ನಮ್ಮ ಕೈಯ ಭಯ ಅಲ್ಲಿಯ ಜೀವಿಗಳಿಗೆ. ಮೊದಲು ನೋಡಿ, ಆಮೇಲೆ ಮುಟ್ಟುವುದು ಇಬ್ಬರಿಗೂ ಕ್ಷೇಮ. ಚಾತುರ್ಮಾಸದಲ್ಲಿ ಹುಲ್ಲಿನ ತುಂಬ ಹುಳು-ಹುಪ್ಪಟೆ ಇರುವಾಗ ಆಟ ನಿಲ್ಲಿಸಿದರೆ ಒಳ್ಳೆಯದು. ಉಳಿದ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಯ ಊಟಕ್ಕೆ ಸೂರ್ಯಾಸ್ತದ ಮೊದಲೇ ಮನೆಗೆ ಬರಬಹುದು.

ಮೊದಲ ಪೆಟ್ಟಿಗೆಯನ್ನು ಅಜ್ಜ-ಅಜ್ಜಿ ಇಡಲಿ, ಮೊಮ್ಮಕ್ಕಳು ಹುಡುಕಲಿ. ಎರಡನೆಯದನ್ನು ಮೊಮ್ಮಕ್ಕಳು ಇಡಲಿ, ತಂದೆ ಹುಡುಕಲಿ. ಮುಂದಿನ ರಜೆಗೆ ಬೀಗರ ಮನೆಯ ಮಕ್ಕಳು ಬಂದಾಗ ಅವರ ಸಿಕ್ಕಾವೂ ವಹಿಗೆ ಬೀಳಲಿ. ವರುಷ ತುಂಬುವಷ್ಟರಲ್ಲಿ ಆ ವಹಿ ಮನೆತನದ ಇನ್ನೊಂದು ಖಾತೆ ಪುಸ್ತಕವಾಗುತ್ತದೆ. ಅದರಲ್ಲಿ ಬರೀ ಜಮಾ ಇರುತ್ತದೆ, ಯಾರ ಬಾಕಿಯೂ ಇರುವುದಿಲ್ಲ.